ಕರೆಂಟ್ ಹೋದರೂ ನಡೆಯುವ ಲ್ಯಾಪ್‌ಟಾಪ್: ಕೊಳ್ಳುವ ಮುನ್ನ ನೋಡಬೇಕಾದದ್ದು

ಮಳೆಗಾಲದಲ್ಲಿ ಕಣಕುಂಬಿ, ಜಾಂಬೋಟಿ ಕಡೆ ತಂತಿಯ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬಂದೀತೆಂದು ಹೇಳಲಾಗದು. ಖಾನಾಪುರದಿಂದ ಬೆಳಗಾವಿಯ ಕಾಲೇಜಿಗೆ ಓಡಾಡುವವರಿಗೆ ದಾರಿಯಲ್ಲಿ ಚಾರ್ಜ್ ಮಾಡಿಕೊಳ್ಳುವ ಭರವಸೆಯೂ ಇಲ್ಲ. ಇಂಥವರು ‘ಐ5 ಬೇಕೋ, ಐ7 ಬೇಕೋ’ ಎಂದು ಕೇಳುವ ಮೊದಲು ಬ್ಯಾಟರಿಯ ಲೆಕ್ಕ ಹಾಕಬೇಕು.

ಲೆಕ್ಕ ಸುಲಭ. ಬ್ಯಾಟರಿಯ ಸಾಮರ್ಥ್ಯವನ್ನು ವ್ಯಾಟ್-ಅವರ್‌ನಲ್ಲಿ ಅಳೆಯುತ್ತಾರೆ. 50 ವ್ಯಾಟ್-ಅವರ್ ಬ್ಯಾಟರಿಯಿಂದ ಲ್ಯಾಪ್‌ಟಾಪ್ ಒಟ್ಟು 10 ವ್ಯಾಟ್ ಎಳೆದರೆ 5 ತಾಸು ನಡೆಯುತ್ತದೆ. 25 ವ್ಯಾಟ್ ಎಳೆದರೆ 2 ತಾಸಿಗೇ ಮುಗಿಯುತ್ತದೆ.

ಆಮೇಲೆ ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರ ನೋಡಿ. ಇಂಟೆಲ್‌ನಲ್ಲಿ ‘ಯು’ ಎಂದಿದ್ದರೆ ಸಾಮಾನ್ಯವಾಗಿ ಮೂಲ ಬಳಕೆ 15 ವ್ಯಾಟ್, ‘ಎಚ್’ ಎಂದಿದ್ದರೆ 45 ವ್ಯಾಟ್. ಟೈಪಿಂಗ್, ಆನ್‌ಲೈನ್ ತರಗತಿ, ಲೆಕ್ಕಪತ್ರಕ್ಕೆ ‘ಯು’ ಧಾರಾಳ ಸಾಕು. ಗ್ರಾಫಿಕ್ಸ್ ಕಾರ್ಡ್ ಇರುವ ‘ಎಚ್’ ಯಂತ್ರ ವಿಡಿಯೊ ಎಡಿಟಿಂಗ್‌ಗೆ, ದೊಡ್ಡ ವಿನ್ಯಾಸಗಳಿಗೆ ಒಳ್ಳೆಯದು. ಆದರೆ ಚಾರ್ಜರ್ ತೆಗೆದೊಡನೆ ಅದರ ವೇಗ ಇಳಿಯುತ್ತದೆ. ಅಂಗಡಿಯಲ್ಲಿ ಪ್ಲಗ್ ಹಾಕಿ ತೋರಿಸುವ ವೇಗ ನಂಬಿ ಕೊಳ್ಳಬೇಡಿ. ಚಾರ್ಜರ್ ತೆಗೆಸಿ, ನಿಮ್ಮ ಕೆಲಸವನ್ನೇ ಅದರಲ್ಲಿ ಮಾಡಿ ನೋಡಿ.

ಬ್ಯಾಟರಿಯ ಮೇಲೂ ಹೆಚ್ಚುಕಡಿಮೆ ಅದೇ ವೇಗ ಕೊಡುವುದು ಆರ್ಮ್ ಮಾದರಿಯ ಚಿಪ್‌ಗಳು: 2020ರಲ್ಲಿ ಬಂದ ಆ್ಯಪಲ್ ಎಂ1 ಮತ್ತು ಅದರ ನಂತರದವು, 2024ರಲ್ಲಿ ವಿಂಡೋಸ್ ಲ್ಯಾಪ್‌ಟಾಪ್‌ಗಳಿಗೆ ಬಂದ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್. ಬ್ಯಾಟರಿ ಬಾಳಿಕೆಯೊಂದನ್ನೇ ನೋಡಿದರೆ ನನ್ನ ಮತ ಇವಕ್ಕೇ. ಆದರೂ ಎಂಜಿನಿಯರಿಂಗ್ ವಿದ್ಯಾರ್ಥಿಗಳು ದುಡುಕಬಾರದು. ವಿನ್ಯಾಸ ತಂತ್ರಾಂಶವಾದ ಸಾಲಿಡ್‌ವರ್ಕ್ಸ್‌ಗೆ ಆ್ಯಪಲ್‌ನ ಮ್ಯಾಕ್ ಆವೃತ್ತಿಯೇ ಇಲ್ಲ. ಸ್ನ್ಯಾಪ್‌ಡ್ರ್ಯಾಗನ್ ಯಂತ್ರದಲ್ಲಿ ಹಳೆಯ ಪ್ರಿಂಟರ್, ಬೆರಳಗುರುತು ಓದುವ ಸಾಧನಗಳಿಗೆ ಆರ್ಮ್‌ಗೆಂದೇ ಮಾಡಿದ ಡ್ರೈವರ್ ಬೇಕು. ಹಳ್ಳಿಯಲ್ಲಿ ಸೇವಾ ಕೇಂದ್ರ ನಡೆಸುವವರು ಇದನ್ನು ವಿಚಾರಿಸದೆ ಮುಂದುವರಿಯಬಾರದು.

ಈಗಾಗಲೇ ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ‘ಪವರ್‌ಸಿಎಫ್‌ಜಿ’, ಒಂದು ಜಾಗ ಬಿಟ್ಟು ‘/ಬ್ಯಾಟರಿರಿಪೋರ್ಟ್’ ಎಂದು ಬರೆದು ಎಂಟರ್ ಒತ್ತಿ. ಸಿದ್ಧವಾಗುವ ವರದಿಯಲ್ಲಿ ‘ಡಿಸೈನ್ ಕೆಪ್ಯಾಸಿಟಿ’ ಮತ್ತು ‘ಫುಲ್ ಚಾರ್ಜ್ ಕೆಪ್ಯಾಸಿಟಿ’ ಹೋಲಿಸಿ. ಎರಡನೆಯದು ಮೊದಲನೆಯದರ ಅರ್ಧಕ್ಕೆ ಇಳಿದಿದ್ದರೆ ಲ್ಯಾಪ್‌ಟಾಪ್ ಬದಲಿಸುವ ಅಗತ್ಯವಿಲ್ಲ, ಬ್ಯಾಟರಿ ಬದಲಿಸಿದರೆ ಸಾಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರಂತೂ ಈ ವರದಿ ನೋಡದೆ ಮಾತು ಮುಗಿಸಬಾರದು.

ಇರುವ ಚಾರ್ಜ್ ಹೆಚ್ಚು ಹೊತ್ತು ಬರಬೇಕೆಂದರೆ ಪರದೆಯ ಬೆಳಕು ತಗ್ಗಿಸಿ, ವಿಂಡೋಸ್‌ನ ಪವರ್ ಮೋಡ್‌ನಲ್ಲಿ ‘ಬೆಸ್ಟ್ ಪವರ್ ಎಫಿಶಿಯೆನ್ಸಿ’ ಆರಿಸಿ. ದಿನವಿಡೀ ಪ್ಲಗ್‌ನಲ್ಲೇ ಇಡುವವರು, ಸೌಲಭ್ಯವಿದ್ದರೆ, ಚಾರ್ಜ್ ಮಿತಿಯನ್ನು 80 ಪ್ರತಿಶತಕ್ಕೆ ಇಟ್ಟರೆ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ. ಮನೆಯಲ್ಲಿ ಕರೆಂಟ್ ಹೋದಾಗ ವೈಫೈ ರೌಟರ್ ಕೂಡ ನಿಲ್ಲುತ್ತದೆ. ಅದಕ್ಕೊಂದು ಪುಟ್ಟ ಯುಪಿಎಸ್ ಇಡಿ.

ಹೊಸದು ಕೊಳ್ಳುವುದಾದರೆ ಹಣ ಕೊಡುವ ಮೊದಲು ಪ್ರೊಸೆಸರ್‌ನ ಪೂರ್ತಿ ಹೆಸರು ಮತ್ತು ಬ್ಯಾಟರಿಯ ವ್ಯಾಟ್-ಅವರ್ ಅಂಕಿ ಎರಡನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ.