ಗಣಕದ ಪರದೆ ಏಳುವಾಗ ಹೇಳುವ ಮಾತು

ಯುನಿಕ್ಸ್ ವಂಶದ ಗಣಕಗಳಲ್ಲಿ ಪರದೆ, ಕೀಲಿಮಣೆ, ಮೌಸ್ ಈ ಮೂರನ್ನೂ ತನ್ನ ವಶದಲ್ಲಿಟ್ಟುಕೊಂಡು, ಕೇಳಿದ ಪ್ರೋಗ್ರಾಮುಗಳಿಗೆ ಚಿತ್ರ ಬರೆದುಕೊಡುವ ವ್ಯವಸ್ಥೆಯೊಂದಿದೆ. ಇದಕ್ಕೆ ‘ಎಕ್ಸ್ ಸರ್ವರ್’ ಎಂದು ಹೆಸರು. ಈ ಎಕ್ಸ್ ಪದ್ಧತಿ 1984ರಲ್ಲಿ ಅಮೆರಿಕೆಯ ಎಂ.ಐ.ಟಿ.ಯಲ್ಲಿ ಹುಟ್ಟಿತು; ಇಂದಿಗೂ ಬಳಕೆಯಲ್ಲಿರುವ ಹನ್ನೊಂದನೆಯ ಆವೃತ್ತಿ 1987ರಲ್ಲಿ ಹೊರಬಂದಿತು. ಸರ್ವರ್ ಎಂದರೆ ದೂರದ ದೊಡ್ಡ ಯಂತ್ರವೆಂದು ತಿಳಿಯುವುದು ವಾಡಿಕೆ. ಇಲ್ಲಿಯಾದರೋ ಅದು ನಮ್ಮ ಮೇಜಿನ ಮೇಲೆಯೇ ಇರುತ್ತದೆ. ಅದರಿಂದ ಸೇವೆ ಪಡೆಯುವ ಪ್ರೋಗ್ರಾಮುಗಳೇ ‘ಕ್ಲೈಂಟು’ಗಳು.

ಸರ್ವರಿಗೆ ಹೇಳಬೇಕಾದ ಕೆಲವು ಮಾತುಗಳನ್ನು ಅದನ್ನು ಎಬ್ಬಿಸುವಾಗಲೇ ಹೇಳಬೇಕು. ಎಬ್ಬಿಸುವ ಆಜ್ಞೆ ‘ಸ್ಟಾರ್ಟ್‌ಎಕ್ಸ್’. ಉದಾಹರಣೆಗೆ: ‘ಸ್ಟಾರ್ಟ್‌ಎಕ್ಸ್ -- -ಡಿಪಿಐ 120’. (ಯಂತ್ರದಲ್ಲಿ ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕು.) ನಡುವಿನ ಜೋಡಿ ಗೆರೆಗಳಿಗಿಂತ ಮೊದಲು ಬರೆದದ್ದು ಕ್ಲೈಂಟಿಗೆ, ನಂತರ ಬರೆದದ್ದು ಸರ್ವರಿಗೆ ಸೇರುತ್ತದೆ. ಬಂಗಾರಪೇಟೆ ಜಂಕ್ಷನ್ನಿನಲ್ಲಿ ಮಾರಿಕುಪ್ಪಂ ಹಾದಿಯೂ ಕೋಲಾರದ ಹಾದಿಯೂ ಬೇರೆಯಾಗುವಂತೆ ಇದು. ಗೆರೆ ಬಿಟ್ಟುಹೋದರೆ ಸರ್ವರಿನ ಮಾತು ಕ್ಲೈಂಟಿನ ಪಾಲಾಗುತ್ತದೆ.

ಇನ್ನು ಮುಖ್ಯವಾದ ಎರಡು ಆಯ್ಕೆಗಳನ್ನು ನೋಡೋಣ. ‘ಡಿಪಿಐ’ ಎಂಬುದು ಒಂದು ಅಂಗುಲಕ್ಕೆ ಎಷ್ಟು ಚುಕ್ಕೆಗಳೆಂಬ ಲೆಕ್ಕ, ಸಾಮಾನ್ಯವಾಗಿ 96. ಇದನ್ನು 120ಕ್ಕೆ ಏರಿಸಿದರೆ, ಈ ಲೆಕ್ಕವನ್ನು ಅನುಸರಿಸುವ ಪ್ರೋಗ್ರಾಮುಗಳಲ್ಲಿ ಅಕ್ಷರಗಳು ಕಾಲು ಭಾಗ ದೊಡ್ಡದಾಗುತ್ತವೆ. ಕನ್ನಡಿಗರಿಗೆ ಇದು ಸಣ್ಣ ವಿಷಯವಲ್ಲ. ನಮ್ಮ ಒತ್ತಕ್ಷರ ಸಾಲಿನಿಂದ ಕೆಳಗಿಳಿದು ಕುಳಿತುಕೊಳ್ಳುತ್ತದೆ. ಬರೆಹ ಕಿರಿದಾದರೆ ಮೊದಲು ಮಸುಕಾಗುವುದು ಅದೇ.

ಎರಡನೆಯದು ‘ನೋಲಿಸನ್ ಟಿಸಿಪಿ’. ಜಾಲದ ಮೂಲಕ ಬರುವ ಕರೆಗೆ ಕಿವಿಗೊಡಬೇಡವೆಂದು ಇದರ ಅರ್ಥ. ಸರ್ವರಿನೊಳಕ್ಕೆ ಬಂದ ಪ್ರೋಗ್ರಾಮು ನಾವು ಒತ್ತುವ ಕೀಲಿಗಳನ್ನೆಲ್ಲ ಗಮನಿಸಬಲ್ಲದಾದ್ದರಿಂದ ಈ ಎಚ್ಚರಿಕೆ ಅವಶ್ಯ. 2015ರ 1.17ನೆಯ ಆವೃತ್ತಿಯಿಂದ ಇದು ತಾನಾಗಿಯೇ ಜಾರಿಗೆ ಬರುತ್ತದೆ. ಅದಕ್ಕಿಂತ ಹಳೆಯದರಲ್ಲಿ ನಾವೇ ಬರೆಯಬೇಕು.

ಇವನ್ನು ಪ್ರತಿದಿನ ಬರೆಯುವ ಶ್ರಮ ಬೇಡವಾದರೆ, ನಮ್ಮ ಕಡತಗಳ ಮನೆಯಲ್ಲಿ ‘ಎಕ್ಸ್‌ಸರ್ವರ್‌ಆರ್‌ಸಿ’ ಎಂಬ, ಚುಕ್ಕೆಯಿಂದ ಆರಂಭವಾಗುವ ಹೆಸರಿನ ಕಡತದಲ್ಲಿ ಬರೆದಿಡಬಹುದು. ಆದರೆ ಚಿತ್ರರೂಪದ ಪ್ರವೇಶಪುಟವಿರುವ ಗಣಕದಲ್ಲಿ ಆ ಪುಟದ ವ್ಯವಸ್ಥಾಕಡತವನ್ನೇ ತಿದ್ದಬೇಕಾಗುತ್ತದೆ. ಈಚಿನ ಅನೇಕ ಲಿನಕ್ಸ್‌ಗಳು ‘ವೇಲ್ಯಾಂಡ್’ ಎಂಬ ಹೊಸ ಪದ್ಧತಿಗೆ ಹೊರಳಿವೆ. ಹಳೆಯ ಗಣಕಗಳಿಗೆ ಎಕ್ಸ್ ಇನ್ನೂ ಆಸರೆ.

ನಮ್ಮ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಇಂದು ಇಲ್ಲಿಯ ಅನೇಕರು ದುಡಿಮೆಗಾಗಿ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಾರೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹೊಸ ಗಣಕ ನಮಗೆ ದೂರದ ಮಾತು. ಇನ್ನೊಬ್ಬರು ಬಳಸಿ ಬಿಟ್ಟ ಗಣಕವನ್ನು ಹೀಗೆ ಅಣಿಗೊಳಿಸಿಕೊಂಡೇ ಈ ವರ್ಷದ ಟಿಪ್ಪಣಿಗಳನ್ನೆಲ್ಲ ಕನ್ನಡದಲ್ಲಿ ಬರೆದುಕೊಂಡೆ. ಯಂತ್ರ ಹಳೆಯದೆಂದು ಮೂಲೆಗೆ ತಳ್ಳುವ ಮೊದಲು, ಅದು ಏಳುವಾಗ ಏನು ಹೇಳಬೇಕೆಂಬುದನ್ನು ಸಹಪಾಠಿಗಳು ಒಮ್ಮೆ ಕಲಿತು ನೋಡಬೇಕೆಂದು ನನ್ನ ಕೋರಿಕೆ.