ಪ್ರಶ್ನೆ ಮಾಡುವವನ ಕುರ್ಚಿಯಲ್ಲಿ ಕೂತು

ರಸಪ್ರಶ್ನೆಗೆ ಸಿಲೆಬಸ್ ಇಲ್ಲ ಅನ್ನುವುದು ಎಲ್ಲರ ಮಾತು. ಕಾಲೇಜಿನ ದಿನಗಳಲ್ಲಿ ತಂಡ ಕಟ್ಟಿಕೊಂಡು ಸ್ಪರ್ಧೆಯಿಂದ ಸ್ಪರ್ಧೆಗೆ ಅಲೆದವನು ನಾನು. ಈಗ ಶಿವಮೊಗ್ಗ ಜಿಲ್ಲೆಯ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿ ಮಕ್ಕಳನ್ನು ಅದಕ್ಕೇ ತಯಾರು ಮಾಡುತ್ತಿದ್ದೇನೆ. ನನಗನ್ನಿಸುವುದು ಬೇರೆ. ಸಿಲೆಬಸ್ ಇದೆ, ಯಾರೂ ಅಚ್ಚು ಹಾಕಿಸಿಲ್ಲ ಅಷ್ಟೇ. ಅದಿರುವುದು ಪ್ರಶ್ನೆ ತಯಾರಿಸುವವನ ತಲೆಯಲ್ಲಿ. ಕಲೆ, ಸಾಹಿತ್ಯ, ಇತಿಹಾಸ, ವಿಜ್ಞಾನದಲ್ಲಿ ಇರುವ ಸಂಗತಿಗಳೆಲ್ಲ ಪ್ರಶ್ನೆಯಾಗುವುದಿಲ್ಲ. ಬಿಸಿ ಪಾತ್ರೆಗೆ ಹಿಡಿ ಬೇಕಲ್ಲ, ಹಾಗೆ ಉತ್ತರ ಪೂರ್ತಿ ಗೊತ್ತಿಲ್ಲದವನೂ ಕೈ ಹಾಕಿ ಎತ್ತಬಹುದಾದ ಹಿಡಿಯೊಂದು ಯಾವ ಸಂಗತಿಗೆ ಇದೆಯೋ ಅದು ಮಾತ್ರ ಒಳ್ಳೆಯ ಪ್ರಶ್ನೆಯಾಗುತ್ತದೆ. ಆ ಹಿಡಿ ಎಲ್ಲಿದೆ ಎಂದು ಹುಡುಕುವುದೇ ತಯಾರಿ.

ಪಟ್ಟಿ ಎಲ್ಲಿಯವರೆಗೆ

ನಾವು ಶುರು ಮಾಡಿದ್ದು ಎಲ್ಲರ ಹಾಗೆ ಇಯರ್ ಬುಕ್ಕಿನಿಂದ. ದೇಶ, ರಾಜಧಾನಿ, ನಾಣ್ಯ, ನೊಬೆಲ್ ಪಡೆದವರು, ಜ್ಞಾನಪೀಠ ಪಡೆದವರು. ಸಂಜೆ ಮನೆಯಲ್ಲಿ ಚಂದನ ವಾಹಿನಿಯ ‘ಥಟ್ ಅಂತ ಹೇಳಿ’. 2002ರಲ್ಲಿ ಶುರುವಾದ ಆ ಕಾರ್ಯಕ್ರಮವನ್ನು ನಡೆಸಿಕೊಡುವ ನಾ. ಸೋಮೇಶ್ವರ ಅವರು ವೃತ್ತಿಯಿಂದ ವೈದ್ಯರು. ಸರಿಯುತ್ತರಕ್ಕೆ ಅಲ್ಲಿ ಸಿಗುವುದು ಪುಸ್ತಕ. ಸಾಹಿತ್ಯ, ವಿಜ್ಞಾನ ಎಂಬ ಗೋಡೆಗಳನ್ನು ಲೆಕ್ಕಕ್ಕಿಡದೆ ಪ್ರಶ್ನೆ ಕೇಳಬಹುದು ಎನ್ನುವುದನ್ನು ನಮ್ಮ ತಲೆಮಾರಿಗೆ ಕನ್ನಡದಲ್ಲಿ ತೋರಿಸಿಕೊಟ್ಟದ್ದು ಅದೇ.

ಪಟ್ಟಿ ಬೇಕು, ಅದಿಲ್ಲದೆ ಸ್ಪರ್ಧೆಯ ಹೊಸ್ತಿಲು ದಾಟಲಾಗದು. ಆದರೆ ಪ್ರಶ್ನೆ ಮಾಡುವವನಿಗೂ ಅದೇ ಪಟ್ಟಿ ಗೊತ್ತು, ನಿಮಗೆ ಗೊತ್ತಿರುವುದೂ ಗೊತ್ತು. ಕುವೆಂಪು ಅವರಿಗೆ ಜ್ಞಾನಪೀಠ ಬಂದದ್ದು 1967ರ ಸಾಲಿಗೆ, ಅದನ್ನು ಅವನು ಕೇಳುವುದಿಲ್ಲ. ಆ ವರ್ಷದ ಪ್ರಶಸ್ತಿಯನ್ನು ಅವರೊಂದಿಗೆ ಹಂಚಿಕೊಂಡ ಗುಜರಾತಿ ಕವಿ ಯಾರು ಎಂದು ಕೇಳುತ್ತಾನೆ. ಉತ್ತರ ಉಮಾಶಂಕರ ಜೋಶಿ. ಬೇಂದ್ರೆಯವರದೂ ಹಂಚಿಕೆಯ ಪ್ರಶಸ್ತಿಯೇ. 1973ರಲ್ಲಿ ಒಡಿಯಾದ ಗೋಪೀನಾಥ ಮೊಹಾಂತಿ ಅವರ ಜೊತೆಗಿದ್ದರು. ಹಾಗಾಗಿ ಪಟ್ಟಿ ಓದುವಾಗ ‘ಇದರಲ್ಲಿ ಎಲ್ಲಿ ಕ್ರಮ ತಪ್ಪಿದೆ’ ಎಂದು ನೋಡುವ ಅಭ್ಯಾಸ ಬೆಳೆಸಿಕೊಂಡೆವು. ಇಬ್ಬರಿಗೆ ಹಂಚಿದ್ದು, ಕೊಡದೇ ಬಿಟ್ಟದ್ದು, ಬೇಡವೆಂದು ಮರಳಿಸಿದ್ದು, ನಿರೀಕ್ಷಿಸಿದ ಕಾರಣಕ್ಕೆ ಬಾರದೆ ಬೇರೆ ಕಾರಣಕ್ಕೆ ಬಂದದ್ದು. ಐನ್‌ಸ್ಟೈನ್‌ಗೆ 1921ರ ನೊಬೆಲ್ ಸಿಕ್ಕಿದ್ದು ಸಾಪೇಕ್ಷತೆಗಲ್ಲ, ದ್ಯುತಿವಿದ್ಯುತ್ ಪರಿಣಾಮದ ವಿವರಣೆಗೆ. ಪ್ರಶ್ನೆಗಳು ಹುಟ್ಟುವುದು ಇಂಥ ಕಡೆ.

ಒಂದು ಪ್ರಶ್ನೆಯನ್ನು ಬಿಚ್ಚಿ ನೋಡಿದರೆ

ಬೆಂಗಳೂರಿಗೆ ಬಂದಾಗ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ನಡೆಸುವ ಮುಕ್ತ ಸ್ಪರ್ಧೆಗಳ ಪರಿಚಯವಾಯಿತು. 1983ರಲ್ಲಿ ಹುಟ್ಟಿದ ಸಂಸ್ಥೆ ಅದು. ಮುಕ್ತ ಸ್ಪರ್ಧೆಯೆಂದರೆ ವಯಸ್ಸಿನ ಕಟ್ಟಿಲ್ಲ, ಪಕ್ಕದ ಕುರ್ಚಿಯಲ್ಲಿ ನಿವೃತ್ತರೂ ಇರಬಹುದು, ಪಿಯುಸಿ ಹುಡುಗನೂ ಇರಬಹುದು. ಅಲ್ಲಿನವರ ಬಾಯಲ್ಲಿ ಒಂದು ಮಾತು ಸದಾ ಓಡಾಡುತ್ತಿರುತ್ತದೆ: “ಈ ಪ್ರಶ್ನೆ ವರ್ಕೌಟ್ ಆಗುತ್ತೆ.” ಅಂದರೆ ನೆನಪಿನಲ್ಲಿ ಇಲ್ಲದಿದ್ದರೂ ಯೋಚಿಸಿ ತಲುಪಬಹುದು.

ಒಮ್ಮೆ ನಮ್ಮ ತಂಡಕ್ಕೆ ಬಂದ ಪ್ರಶ್ನೆಯ ಸಾರ ಹೀಗಿತ್ತು: ಕಾವೇರಿಯ ಜಲಪಾತವೊಂದರಿಂದ 1902ರಲ್ಲಿ ಈ ಜಾಗಕ್ಕೆ ವಿದ್ಯುತ್ ಬಂತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ. 1965ರಲ್ಲಿ ಇಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಕೆಳಗೆ, ಭಾರತ, ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಗುರುತಿಸಿದರು. ಯಾವ ಜಾಗ?

ನಮ್ಮಲ್ಲಿ ಭೌತಶಾಸ್ತ್ರ ಓದುತ್ತಿದ್ದವನು ನ್ಯೂಟ್ರಿನೊ ಎಂದ ಕೂಡಲೇ ಕಣವೇಗವರ್ಧಕ, ಜಪಾನಿನ ಪ್ರಯೋಗಾಲಯ ಎಂದು ಎಲ್ಲೆಲ್ಲೋ ಹೊರಟ. ನಾನು ಶಿವನಸಮುದ್ರದಲ್ಲಿ ನಿಂತಿದ್ದೆ. ಬಿ.ಕಾಂ. ಓದುತ್ತಿದ್ದ ಮೂರನೆಯವನಿಗೆ ನ್ಯೂಟ್ರಿನೊ ಎಂದರೆ ಏನೆಂದೇ ಗೊತ್ತಿರಲಿಲ್ಲ. ಆದರೆ ಅವನ ಸೋದರಮಾವ ಕೆಜಿಎಫ್‌ನಲ್ಲಿ ನೌಕರಿಯಲ್ಲಿದ್ದರು, ಬೇಸಿಗೆ ರಜೆಗೆ ಅಲ್ಲಿಗೆ ಹೋಗಿಬಂದವನು. ಮೇಜಿನ ಮೇಲೆ ಬಾಗಿ ಪಿಸುಗುಟ್ಟಿದ: “ಎರಡು ಕಿಲೋಮೀಟರು ಆಳಕ್ಕೆ ಯಾರೂ ಬಾವಿ ತೋಡಲ್ಲ ಮಾರಾಯ. ಗಣಿ ಕಣೋ ಅದು. ಚಿನ್ನದ್ದು.”

ಕೋಲಾರ ಚಿನ್ನದ ಗಣಿ. ಅಂಕ ಬಂತು. ಆದರೆ ಅಂಕಕ್ಕಿಂತ ನನ್ನ ತಲೆಯಲ್ಲಿ ಉಳಿದದ್ದು ಪ್ರಶ್ನೆಯ ಕಟ್ಟಡ. ಇತಿಹಾಸ ಬಲ್ಲವನಿಗೆ ಒಂದು ಬಾಗಿಲು, ಊರು ಸುತ್ತಿದವನಿಗೆ ಒಂದು, ವಿಜ್ಞಾನ ಓದಿದವನಿಗೆ ಒಂದು. ಮೂರರಲ್ಲಿ ಯಾವುದರಿಂದ ಒಳಗೆ ಬಂದರೂ ಸಿಗುವ ಕೋಣೆ ಒಂದೇ. ಅಂದಿನಿಂದ ಪ್ರಶ್ನೆ ಕೇಳುವಾಗ ‘ಇದು ನನಗೆ ಗೊತ್ತಾ’ ಎಂದು ಯೋಚಿಸುವುದನ್ನು ಬಿಟ್ಟು, ‘ಈ ಪದವನ್ನು ಅವನು ಯಾಕೆ ಸೇರಿಸಿದ’ ಎಂದು ಯೋಚಿಸತೊಡಗಿದೆ. ಒಳ್ಳೆಯ ಕ್ವಿಜ್ ಮಾಸ್ಟರ್ ಸುಮ್ಮನೆ ಪದ ಖರ್ಚು ಮಾಡುವುದಿಲ್ಲ. ಆ ಪ್ರಶ್ನೆಯಲ್ಲಿ ಆಳದ ಲೆಕ್ಕ ಅಲಂಕಾರಕ್ಕೆ ಬಂದದ್ದಲ್ಲ, ಅದೇ ಹಿಡಿ.

ಒಂದು ವಸ್ತು, ಒಂದು ಪುಟ

ನೋಟ್ ಪುಸ್ತಕದ ಕ್ರಮವೂ ಆಮೇಲೆ ಬದಲಾಯಿತು. ವಿಜ್ಞಾನಕ್ಕೊಂದು, ಕಲೆಗೊಂದು, ಸಾಹಿತ್ಯಕ್ಕೊಂದು ಎಂದು ಬೇರೆ ಬೇರೆ ಪುಸ್ತಕ ಇಡುವುದನ್ನು ನಿಲ್ಲಿಸಿ, ಒಂದು ವಸ್ತುವಿಗೆ ಒಂದು ಪುಟ ಎಂದು ಮಾಡಿಕೊಂಡೆ. ಅದರಲ್ಲಿ ನನಗೆ ಅತಿ ಹೆಚ್ಚು ಫಸಲು ಕೊಟ್ಟ ಪುಟ ಪ್ರಶ್ಯನ್ ನೀಲಿಯದು.

18ನೇ ಶತಮಾನದ ಮೊದಲ ದಶಕ, ಬರ್ಲಿನ್. ಡೀಸ್‌ಬಾಖ್ ಎಂಬ ಬಣ್ಣ ತಯಾರಕ ಕೆಂಪು ಬಣ್ಣ ಮಾಡಲು ಹೋದ. ಬಳಸಿದ ಪೊಟ್ಯಾಶ್ ಕಲಬೆರಕೆಯದಾಗಿತ್ತು, ಬಂದದ್ದು ಗಾಢ ನೀಲಿ. ಇಷ್ಟು ರಸಾಯನಶಾಸ್ತ್ರ. ಆ ನೀಲಿ ಜಪಾನಿಗೆ ಹೋಗಿ, 1830ರ ದಶಕದ ಆರಂಭದಲ್ಲಿ ಹೊಕುಸಾಯಿ ಅಚ್ಚು ಹಾಕಿದ ಆ ಪ್ರಸಿದ್ಧ ದೊಡ್ಡ ಅಲೆಯ ಬಣ್ಣವಾಯಿತು. ಇದು ಚಿತ್ರಕಲೆ. 1842ರಲ್ಲಿ ಜಾನ್ ಹರ್ಷಲ್ ಇದೇ ಬಣ್ಣ ಮೂಡಿಸುವ ಸಯನೋಟೈಪ್ ಎಂಬ ಛಾಯಾಚಿತ್ರ ವಿಧಾನ ಕಂಡುಹಿಡಿದ. ಎಂಜಿನಿಯರುಗಳ ಬ್ಲೂಪ್ರಿಂಟ್ ಬಂದದ್ದು ಅಲ್ಲಿಂದ. ಮರುವರ್ಷವೇ ಆನಾ ಆಟ್ಕಿನ್ಸ್ ಎಂಬಾಕೆ ಅದೇ ವಿಧಾನದಲ್ಲಿ ಪಾಚಿಗಳ ಚಿತ್ರ ತೆಗೆದು ಪುಸ್ತಕ ಹೊರತರಲು ಶುರು ಮಾಡಿದಳು. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಜನ ವಿಕಿರಣಶೀಲ ಸೀಸಿಯಂ ಸೋಂಕಿ ಆಸ್ಪತ್ರೆ ಸೇರಿದಾಗ, ಅದನ್ನು ಮೈಯಿಂದ ಹೊರಹಾಕಲು ಕೊಟ್ಟ ಔಷಧಿಯೂ ಇದೇ ನೀಲಿ.

ಪುಟ ಅಲ್ಲಿಗೆ ಮುಗಿಯಲಿಲ್ಲ. ಜಾನ್ ಹರ್ಷಲನ ತಂದೆ ವಿಲಿಯಂ ಹರ್ಷಲ್ 1781ರಲ್ಲಿ ಯುರೇನಸ್ ಕಂಡವನು. ಆಗ ಅವನ ಹೊಟ್ಟೆಪಾಡು ಸಂಗೀತ, ಬಾತ್ ಊರಿನಲ್ಲಿ ಆರ್ಗನ್ ವಾದಕ. ಯುರೇನಸ್‌ನ ಉಪಗ್ರಹಗಳಿಗೆ ಟೈಟಾನಿಯಾ, ಓಬೆರಾನ್ ಎಂದು ಶೇಕ್ಸ್‌ಪಿಯರನ ಪಾತ್ರಗಳ ಹೆಸರು ಸೂಚಿಸಿದ್ದು ಮಗ. ಆ ಪರಿಪಾಠದಲ್ಲೇ, 1948ರಲ್ಲಿ ಸಿಕ್ಕ ಇನ್ನೊಂದು ಉಪಗ್ರಹಕ್ಕೆ ‘ದಿ ಟೆಂಪೆಸ್ಟ್’ ನಾಟಕದ ಮಿರಾಂಡಾಳ ಹೆಸರು ಬಂತು. ‘ದಿ ಟೆಂಪೆಸ್ಟ್’ ಆಧರಿಸಿ ಕುವೆಂಪು ಬರೆದ ನಾಟಕ ‘ಬಿರುಗಾಳಿ’. ಬರ್ಲಿನ್ನಿನ ಬಣ್ಣದಂಗಡಿಯಿಂದ ಹೊರಟವನು ಆಕಾಶ ಸುತ್ತಿ ನಮ್ಮ ಜಿಲ್ಲೆಯಲ್ಲೇ ಇರುವ ಕುವೆಂಪು ಅವರ ಊರು ಕುಪ್ಪಳಿಗೆ ಬಂದು ಇಳಿದಿದ್ದೆ. ಹೀಗೆ ಓದಿದ ಪುಟವನ್ನು ಮತ್ತೆ ಬಾಯಿಪಾಠ ಮಾಡಬೇಕಾಗಲಿಲ್ಲ. ಸ್ಪರ್ಧೆಗಳಲ್ಲಿ ‘ಕನೆಕ್ಟ್’ ಸುತ್ತು ಎಂದು ಇರುತ್ತದಲ್ಲ, ಸಂಬಂಧವೇ ಇಲ್ಲದಂತೆ ಕಾಣುವ ನಾಲ್ಕಾರು ಚಿತ್ರ ತೋರಿಸಿ ಕೊಂಡಿ ಕೇಳುವುದು, ಅದಕ್ಕೆ ಇದಕ್ಕಿಂತ ಒಳ್ಳೆಯ ತಾಲೀಮು ನಾನು ಕಂಡಿಲ್ಲ.

ಇಸವಿಗಳನ್ನು ಜೋಡಿ ಮಾಡುವುದು

ಇತಿಹಾಸದ ಇಸವಿಗಳು ಒಂಟಿಯಾಗಿದ್ದರೆ ನಿಲ್ಲುವುದಿಲ್ಲ. ಒಂದು ಇಸವಿಗೆ ಬೇರೆ ಬೇರೆ ದಿಕ್ಕಿನ ಎರಡು ಮೂರು ಜನರನ್ನು ತಂದು ಕಟ್ಟುತ್ತಿದ್ದೆವು. ತಾಳಿಕೋಟೆ ಯುದ್ಧ 1565ರ ಜನವರಿಯಲ್ಲಿ. ಗೆಲಿಲಿಯೊ ಹುಟ್ಟಿದ್ದು 1564ರ ಫೆಬ್ರವರಿಯಲ್ಲಿ, ಶೇಕ್ಸ್‌ಪಿಯರ್ ಅದೇ ಏಪ್ರಿಲ್‌ನಲ್ಲಿ. ಅಂದರೆ ವಿಜಯನಗರದ ಸೈನ್ಯ ಮುರಿದುಬಿದ್ದಾಗ ಇಬ್ಬರಿಗೂ ವರ್ಷ ತುಂಬಿರಲಿಲ್ಲ. ಮೈಕೆಲ್ಯಾಂಜೆಲೊ ಸತ್ತದ್ದೂ 1564ರಲ್ಲೇ. ಮೂರು ವಿಷಯ, ಒಂದೇ ಗೂಟ.

1799 ಇನ್ನೊಂದು. ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಮಡಿದ. ಅದೇ ಜುಲೈನಲ್ಲಿ ಈಜಿಪ್ಟಿನಲ್ಲಿ ಫ್ರೆಂಚ್ ಸೈನಿಕರ ಕೈಗೆ ರೊಸೆಟ್ಟಾ ಶಿಲೆ ಸಿಕ್ಕಿತು. ಇದು ಬರೀ ಕಾಕತಾಳೀಯವಲ್ಲ. ನೆಪೋಲಿಯನ್ ಈಜಿಪ್ಟಿಗೆ ಬಂದದ್ದರಿಂದಲೇ ಆ ಶಿಲೆ ಸಿಕ್ಕಿತು, ಅವನು ಅಲ್ಲಿಂದ ಟಿಪ್ಪುವಿನ ನೆರವಿಗೆ ಬಂದಾನು ಎಂಬ ಭಯವೂ ಬ್ರಿಟಿಷರ ದಂಡಯಾತ್ರೆಗೆ ಕಾವು ಕೊಟ್ಟಿತು. ಕಾರಣ ಗೊತ್ತಾದ ಇಸವಿ ಮರೆಯುವುದು ಕಷ್ಟ.

ಚಿತ್ರ, ಸಂಗೀತದ ದಾರಿ ಬೇರೆ. ಅವನ್ನು ಓದಿ ಪ್ರಯೋಜನವಿಲ್ಲ, ನೋಡಬೇಕು, ಕೇಳಬೇಕು. ಮಲ್ಲಿಕಾರ್ಜುನ ಮನ್ಸೂರರು ಜೈಪುರ ಘರಾಣೆಯವರು, ಭೀಮಸೇನ ಜೋಶಿಯವರು ಕಿರಾಣಾದವರು ಎಂದು ಬರೆದುಕೊಂಡರೆ ಲಿಖಿತ ಸುತ್ತು ದಾಟಬಹುದು. ಆಡಿಯೊ ಸುತ್ತಿನಲ್ಲಿ ಹತ್ತು ಸೆಕೆಂಡು ದನಿ ಕೇಳಿಸಿ ‘ಯಾರು’ ಎಂದಾಗ ಬರಹ ಕೈ ಹಿಡಿಯದು. ಬಟ್ಟೆ ಒಗೆಯುವಾಗ, ಬಸ್ಸಿನಲ್ಲಿ ಕೂತಾಗ ಕಿವಿಗೆ ಬೀಳುತ್ತಿದ್ದರೆ ಸಾಕು. ಚಿತ್ರಕಾರರ ವಿಷಯದಲ್ಲೂ ಅಷ್ಟೆ. ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದರು, ವೀಣೆಯನ್ನು ವೀಣೆ ಶೇಷಣ್ಣನವರಲ್ಲಿ ಕಲಿತರು ಎಂಬ ವಿವರ ಪುಸ್ತಕದಲ್ಲಿ ಸಿಗುತ್ತದೆ. ಅವರ ಊಟಿಯ ಭೂದೃಶ್ಯಗಳ ಮಂಜು ಹೇಗಿದೆ ಎಂಬುದು ಸಿಗುವುದು ಚಿತ್ರದ ಮುಂದೆ ನಿಂತಾಗ.

ಸುಳ್ಳು ಸೋಸುವುದು

ರಸಪ್ರಶ್ನೆಯ ಲೋಕದಲ್ಲಿ ಸುಳ್ಳು ಸಂಗತಿಗಳಿಗೂ ದೀರ್ಘಾಯುಷ್ಯ. ಒಂದು ಅಂತರಕಾಲೇಜು ಸ್ಪರ್ಧೆಯ ವೇದಿಕೆಯಲ್ಲಿ ‘ಭಾರತದ ರಾಷ್ಟ್ರೀಯ ಕ್ರೀಡೆ ಯಾವುದು’ ಎಂದು ಕೇಳಿದರು. ಯಾವುದನ್ನೂ ಹಾಗೆ ಘೋಷಿಸಿಲ್ಲ ಎಂದು ನಾವು ಹೇಳಿದೆವು. ಹಾಕಿ ಎಂದವರಿಗೆ ಅಂಕ ಹೋಯಿತು. ಕೇಂದ್ರ ಕ್ರೀಡಾ ಸಚಿವಾಲಯವೇ 2012ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಕೊಟ್ಟ ಉತ್ತರ ನಾವು ಹೇಳಿದ್ದೇ ಆಗಿತ್ತು. ಆದರೆ ಅದರ ಪ್ರತಿ ಕೈಯಲ್ಲಿಲ್ಲದೆ ವಾದ ನಿಲ್ಲಲಿಲ್ಲ. ಅಲ್ಲಿಂದ ಮುಂದೆ ನೋಟ್ ಪುಸ್ತಕದಲ್ಲಿ ಪ್ರತಿ ಸಂಗತಿಯ ಪಕ್ಕ ಅದು ಸಿಕ್ಕ ಪುಸ್ತಕದ ಹೆಸರು ಬರೆಯತೊಡಗಿದೆವು. ಎರಡು ಕಡೆ ಸಿಗದ್ದಕ್ಕೆ ಪೆನ್ಸಿಲ್, ಸಿಕ್ಕಿದ್ದಕ್ಕೆ ಪೆನ್ನು. ಕೇಳಲು ತೀರಾ ಸೊಗಸಾಗಿರುವ ಕಥೆಗಳೇ ಹೆಚ್ಚಾಗಿ ಪೆನ್ಸಿಲ್ಲಿನಲ್ಲಿ ಉಳಿದುಹೋದವು.

ವೇದಿಕೆಯ ಲೆಕ್ಕಾಚಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರಿಲಿಮ್ಸ್‌ನಲ್ಲಿ ಋಣ ಅಂಕವಿಲ್ಲದಿದ್ದರೆ ಒಂದನ್ನೂ ಖಾಲಿ ಬಿಡಬೇಡಿ. ಫೈನಲ್ಸ್‌ನಲ್ಲಿ ಪೌನ್ಸ್ ಮಾಡುವಾಗ, ಅಂದರೆ ಪಾಳಿ ನಿಮ್ಮದಲ್ಲದಿದ್ದರೂ ಉತ್ತರ ಬರೆದು ಕೊಡುವಾಗ, ತಪ್ಪಿದರೆ ಅಂಕ ಕಳೆಯುತ್ತಾರೆ. ತಂಡದ ಇಬ್ಬರಾದರೂ ಬೇರೆ ಬೇರೆ ಸುಳಿವಿನಿಂದ ಅದೇ ಉತ್ತರಕ್ಕೆ ಬಂದಿದ್ದರೆ ಮಾತ್ರ ಕೊಡಿ. ಮೂವರೂ ಒಂದೇ ಸುಳಿವಿಗೆ ಜೋತುಬಿದ್ದಿದ್ದರೆ ಸುಮ್ಮನಿರುವುದು ಲೇಸು.

ಶನಿವಾರದ ಪಾಠ

ಕಲಿತದ್ದೆಲ್ಲ ಗಟ್ಟಿಯಾದದ್ದು ನಾನೇ ಪ್ರಶ್ನೆ ತಯಾರಿಸಲು ಕೂತಾಗ. ಈಗ ಶಾಲೆಯಲ್ಲಿ ಶನಿವಾರ ಕ್ಲಾಸು ಮುಗಿದ ಮೇಲೆ ಮಕ್ಕಳನ್ನು ಕೂರಿಸಿ ನಾನು ಪ್ರಶ್ನೆ ಕೇಳುವುದಿಲ್ಲ. ಪ್ರತಿಯೊಬ್ಬರೂ ಒಂದು ಪ್ರಶ್ನೆ ಬರೆದು ತರಬೇಕು. ನಿಯಮ ಎರಡೇ. ಉತ್ತರ ಎಲ್ಲರೂ ಕೇಳಿರುವ ವಸ್ತುವಾಗಿರಬೇಕು. ದಾರಿ ಯಾರೂ ನಡೆದಿರದ್ದಾಗಿರಬೇಕು.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ತಂದ ಪ್ರಶ್ನೆ: “1881ರಲ್ಲಿ ಜರ್ಮನಿಯಲ್ಲಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಜೆಲಾಟಿನ್ ಬಳಸುತ್ತಿದ್ದರು. ಶೆಖೆಗೆ ಅದು ಕರಗಿಹೋಗುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಗೆ ಅವರ ಹೆಂಡತಿ ಫ್ಯಾನಿ ತನ್ನ ಅಡುಗೆಮನೆಯ ಒಂದು ಸಾಮಾನು ಬಳಸಿ ನೋಡಿ ಅಂದರು. ಇವತ್ತಿಗೂ ಲ್ಯಾಬುಗಳಲ್ಲಿ ಅದೇ. ನಮ್ಮ ಕಿರಾಣಿ ಅಂಗಡೀಲೂ ಸಿಗುತ್ತೆ. ಏನದು?”

ಮಕ್ಕಳು ಸಕ್ಕರೆ, ಮೈದಾ, ಸಬ್ಬಕ್ಕಿ ಎಂದೆಲ್ಲ ಹೇಳಿದರು. ಹಿಂದಿನ ಬೆಂಚಿನ ಹುಡುಗ ಮಾತ್ರ ತಲೆ ಕೆರೆದುಕೊಂಡು ಕೇಳಿದ: “ಕರಗಬಾರದು, ಮೆತ್ತಗೆ ಗಟ್ಟಿ ಇರಬೇಕು. ಅಕ್ಕನ ಹುಟ್ಟಿದಹಬ್ಬಕ್ಕೆ ಅಮ್ಮ ಪುಡ್ಡಿಂಗ್‌ಗೆ ಹಾಕ್ತಾರಲ್ಲ, ಆ ಚೈನಾ ಗ್ರಾಸಾ?” ಸಮುದ್ರದ ಪಾಚಿಯಿಂದ ತೆಗೆಯುವ ಅಗರ್ ಅದೇ. ಅವನು ಯಾವ ಇಯರ್ ಬುಕ್ಕನ್ನೂ ತೆರೆದವನಲ್ಲ. ಪ್ರಶ್ನೆಯಲ್ಲಿ ಅವಳು ‘ಕರಗಿಹೋಗುತ್ತಿತ್ತು’ ಎಂದು ಬಿಟ್ಟುಕೊಟ್ಟಿದ್ದ ಹಿಡಿಯನ್ನು ಹಿಡಿದ, ಅಷ್ಟೇ. ಅವಳು ಆ ವಾಕ್ಯ ಬರೆಯದಿದ್ದರೆ ಅದು ಗೊತ್ತಿದ್ದವರು ಹೇಳುವ, ಗೊತ್ತಿಲ್ಲದವರು ಬಾಯಿ ಮುಚ್ಚಿ ಕೂರುವ ಪ್ರಶ್ನೆಯಾಗುತ್ತಿತ್ತು.

ಸ್ಪರ್ಧೆಗೆ ಓದುತ್ತಿರುವವರಿಗೆ ನಾನು ಕೊಡುವ ಸಲಹೆ ಈಗ ಇಷ್ಟೇ. ದಿನಕ್ಕೆ ನೂರು ಸಂಗತಿ ಓದುವ ಬದಲು ಒಂದು ಸಂಗತಿಯನ್ನು ಪ್ರಶ್ನೆ ಮಾಡಿ. ಮನೆಯವರಿಗೋ ಗೆಳೆಯರಿಗೋ ಕೇಳಿ. ಉತ್ತರ ಹೇಳಿದ ಮೇಲೆ ಅವರು “ಇದು ಯಾರಿಗೆ ಗೊತ್ತಿರುತ್ತೆ ಬಿಡು” ಎಂದರೆ ಪ್ರಶ್ನೆಯನ್ನು ತಿದ್ದಿ. “ಛೆ, ಹೊಳೀಬೇಕಿತ್ತು!” ಎಂದು ತಲೆ ಚಚ್ಚಿಕೊಂಡರೆ ನಿಮ್ಮ ತಯಾರಿ ಸರಿಯಾದ ದಾರಿಯಲ್ಲಿದೆ.