ಕ್ರಿಯೆ ಮತ್ತು ಪ್ರತಿಕ್ರಿಯೆ

ಹೊಳೆಯನ್ನು ದಾಟಿಸುವ ಅಂಬಿಗನು ಬಿದಿರಿನ ಗಳುವನ್ನು ನೀರಿಗಿಳಿಸಿ ಹೊಳೆಯ ತಳವನ್ನು ಹಿಂದಕ್ಕೆ ಒತ್ತುತ್ತಾನೆ. ದೋಣಿಯು ಮುಂದಕ್ಕೆ ಸಾಗುತ್ತದೆ. ಪ್ರಯಾಣಿಕನು ದೋಣಿಯಿಂದ ದಡಕ್ಕೆ ನೆಗೆದೊಡನೆ ದೋಣಿಯು ಹಿಂದಕ್ಕೆ ಸರಿಯುತ್ತದೆ. ಈ ಸಂಗತಿಗಳನ್ನು ಜನರು ಬಹು ಕಾಲದಿಂದ ಕಂಡಿದ್ದರು. ಇವೆಲ್ಲವೂ ಒಂದೇ ನಿಯಮಕ್ಕೆ ಒಳಪಟ್ಟಿವೆ ಎಂಬುದನ್ನು ಇಂಗ್ಲೆಂಡಿನ ಐಸಾಕ್ ನ್ಯೂಟನ್ನನು 1687ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯ’ ಎಂಬ ಗ್ರಂಥದಲ್ಲಿ ನಿರೂಪಿಸಿದನು. ಪ್ರತಿಯೊಂದು ಕ್ರಿಯೆಗೂ ಅದಕ್ಕೆ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇರುತ್ತದೆ ಎಂಬುದೇ ಆ ನಿಯಮ. ಇದನ್ನು ಚಲನೆಯ ಮೂರನೆಯ ನಿಯಮವೆಂದು ಕರೆಯುತ್ತಾರೆ. ಬೆರಳು ಕಲ್ಲನ್ನು ಒತ್ತಿದರೆ ಕಲ್ಲೂ ಬೆರಳನ್ನು ಒತ್ತುತ್ತದೆ ಎಂಬ ಉದಾಹರಣೆಯನ್ನು ನ್ಯೂಟನ್ನನೇ ಕೊಟ್ಟಿದ್ದಾನೆ.

ಈ ನಿಯಮವನ್ನು ಬಾಯಿಪಾಠ ಮಾಡುವುದು ಸುಲಭ. ಅದರ ಅರ್ಥವನ್ನು ಗ್ರಹಿಸುವುದು ಅಷ್ಟು ಸುಲಭವಲ್ಲ. ಶಾಲೆಯಲ್ಲಿಯೇ ಮಾಡಬಹುದಾದ ಮೂರು ಪ್ರಯೋಗಗಳು ಇದಕ್ಕೆ ನೆರವಾಗುತ್ತವೆ.

ಮೊದಲನೆಯ ಪ್ರಯೋಗಕ್ಕೆ ಒಂದೇ ಬಗೆಯ ಎರಡು ಸ್ಪ್ರಿಂಗ್ ತಕ್ಕಡಿಗಳು ಬೇಕು. ಅವುಗಳ ಕೊಕ್ಕೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಇಬ್ಬರು ವಿದ್ಯಾರ್ಥಿಗಳು ಎರಡು ಕಡೆಗಳಿಂದ ಎಳೆಯಬೇಕು. ಎಷ್ಟೇ ಬಲದಿಂದ ಎಳೆದರೂ ಎರಡು ತಕ್ಕಡಿಗಳೂ ಒಂದೇ ಅಳತೆಯನ್ನು ತೋರಿಸುತ್ತವೆ. ಬಳಿಕ ಒಂದು ತಕ್ಕಡಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಒಬ್ಬನೇ ಎಳೆದರೆ? ಆಗಲೂ ಅಳತೆಗಳು ಸಮನಾಗಿಯೇ ಇರುತ್ತವೆ. ಜಡವಾದ ಗೋಡೆಯೂ ತನ್ನನ್ನು ಎಳೆದವನನ್ನು ಅಷ್ಟೇ ಬಲದಿಂದ ಎಳೆಯುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಇಲ್ಲಿ ಒಂದು ಸಂದೇಹವು ಮೂಡುವುದು ಸಹಜ. ಎರಡು ಬಲಗಳು ಸಮವೂ ವಿರುದ್ಧವೂ ಆಗಿದ್ದರೆ ಅವು ಒಂದನ್ನೊಂದು ಅಳಿಸಿಹಾಕಬೇಕಲ್ಲವೆ? ಹಾಗಿದ್ದ ಮೇಲೆ ಯಾವ ವಸ್ತುವಾದರೂ ಚಲಿಸುವುದು ಹೇಗೆ? ಎರಡನೆಯ ಪ್ರಯೋಗವು ಇದಕ್ಕೆ ಉತ್ತರ ಕೊಡುತ್ತದೆ. ಮೇಜಿನ ಮೇಲೆ ಕೆಲವು ದುಂಡನೆಯ ಪೆನ್ಸಿಲುಗಳನ್ನು ಸಾಲಾಗಿ ಜೋಡಿಸಿ, ಅವುಗಳ ಮೇಲೆ ಹಗುರವಾದ ಒಂದು ಗಟ್ಟಿ ರಟ್ಟನ್ನು ಇಡಬೇಕು. ಕೀಲಿ ಕೊಟ್ಟ ಆಟದ ಕಾರನ್ನು ಅದರ ಮೇಲೆ ಬಿಟ್ಟರೆ ಕಾರು ಮುಂದಕ್ಕೆ ಓಡುತ್ತದೆ. ರಟ್ಟು ಹಿಂದಕ್ಕೆ ಜಾರುತ್ತದೆ. ಕಾರಿನ ಚಕ್ರಗಳು ರಟ್ಟನ್ನು ಹಿಂದಕ್ಕೆ ತಳ್ಳುತ್ತವೆ. ರಟ್ಟು ಕಾರನ್ನು ಮುಂದಕ್ಕೆ ತಳ್ಳುತ್ತದೆ. ಒಂದು ಬಲವು ವರ್ತಿಸುವುದು ರಟ್ಟಿನ ಮೇಲೆ. ಇನ್ನೊಂದು ಕಾರಿನ ಮೇಲೆ. ಕ್ರಿಯೆ ಮತ್ತು ಪ್ರತಿಕ್ರಿಯೆಗಳು ಎಂದೂ ಒಂದೇ ವಸ್ತುವಿನ ಮೇಲೆ ವರ್ತಿಸುವುದಿಲ್ಲ. ಆದುದರಿಂದ ಅವು ಒಂದನ್ನೊಂದು ಅಳಿಸಿಹಾಕಲಾರವು. ಈ ನಿಯಮದ ಮರ್ಮವಿರುವುದು ಇಲ್ಲಿಯೇ.

ಮೂರನೆಯ ಪ್ರಯೋಗಕ್ಕೆ ಒಂದು ಬಲೂನು ಸಾಕು. ಕೊಠಡಿಯ ಉದ್ದಕ್ಕೂ ಬಿಗಿದ ದಾರದಲ್ಲಿ ಕಾಗದದ ಒಂದು ಕೊಳವೆಯನ್ನು ಪೋಣಿಸಿ, ಅದಕ್ಕೆ ಊದಿದ ಬಲೂನನ್ನು ಅಂಟಿಸಿ ಬಾಯಿಯನ್ನು ಬಿಟ್ಟುಬಿಡಬೇಕು. ಗಾಳಿಯು ಹಿಂದಕ್ಕೆ ನುಗ್ಗುತ್ತದೆ. ಬಲೂನು ದಾರದ ಗುಂಟ ಮುಂದಕ್ಕೆ ಹಾರುತ್ತದೆ. ಆದರೆ ಬಲೂನು ಮುಂದೆ ಹೋದದ್ದು ಒಳಗಿನಿಂದ ಹೊರಟ ಗಾಳಿಯ ಪ್ರತಿಕ್ರಿಯೆಯಿಂದಲೋ, ಅಥವಾ ಆ ಗಾಳಿಯು ಹೊರಗಿನ ಗಾಳಿಗೆ ಒತ್ತು ಕೊಟ್ಟದ್ದರಿಂದಲೋ? ಗಾಳಿ ತುಂಬಿದ ಕೊಠಡಿಯಲ್ಲಿ ಇದನ್ನು ನಿರ್ಧರಿಸುವುದು ಕಷ್ಟ.

ಇದೇ ಪ್ರಶ್ನೆಯು ಒಮ್ಮೆ ಒಬ್ಬ ವಿಜ್ಞಾನಿಯನ್ನು ಅಪಹಾಸ್ಯಕ್ಕೆ ಗುರಿಮಾಡಿತು. ರಾಕೆಟ್ಟು ಆಗ ಹೊಸ ವಸ್ತುವೇನೂ ಆಗಿರಲಿಲ್ಲ. 1780ರ ಪೊಳ್ಳಿಲೂರು ಯುದ್ಧದಲ್ಲಿಯೇ ಮೈಸೂರಿನ ಸೈನ್ಯವು ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಬಳಸಿತ್ತು. ಆದರೆ ಗಾಳಿಯೇ ಇಲ್ಲದ ಕಡೆ ಅದು ಚಲಿಸಬಲ್ಲುದೆ ಎಂಬುದು ಬೇರೆಯ ಪ್ರಶ್ನೆ. ಅಮೆರಿಕದ ರಾಬರ್ಟ್ ಗೊಡಾರ್ಡನು ಗಾಳಿಯನ್ನು ಹೊರತೆಗೆದ ಪಾತ್ರೆಯೊಳಗೆ ಸಿಡಿಮದ್ದನ್ನು ಉರಿಸಿ ಪರೀಕ್ಷಿಸಿದನು. ಅಲ್ಲಿಯೂ ತಳ್ಳುವ ಬಲವು ಕುಂದಲಿಲ್ಲ. ಈ ಫಲಿತಾಂಶವನ್ನು ಒಳಗೊಂಡ ಅವನ ವರದಿಯಲ್ಲಿ ರಾಕೆಟ್ಟು ಚಂದ್ರನನ್ನೂ ತಲಪಬಹುದೆಂಬ ಸೂಚನೆಯಿದ್ದಿತು. 1920ರ ಜನವರಿ 13ರಂದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ಅದನ್ನು ಹಾಸ್ಯಮಾಡಿತು. ಶೂನ್ಯದಲ್ಲಿ ಒತ್ತು ಕೊಡಲು ಏನೂ ಇಲ್ಲದಿರುವಾಗ ರಾಕೆಟ್ಟು ಚಲಿಸುವುದೆಂತು ಎಂದು ಕೇಳಿತು. ಪ್ರೌಢಶಾಲೆಗಳಲ್ಲಿ ಕಲಿಸುವ ತಿಳಿವಳಿಕೆಯೂ ಗೊಡಾರ್ಡನಿಗೆ ಇಲ್ಲವೆಂಬಂತೆ ಬರೆಯಿತು.

ತಪ್ಪಿದ್ದುದು ಪತ್ರಿಕೆಯ ತಿಳಿವಳಿಕೆಯಲ್ಲಿ. ರಾಕೆಟ್ಟು ತಳ್ಳುವುದು ಹೊರಗಿನ ಗಾಳಿಯನ್ನಲ್ಲ, ತನ್ನೊಳಗಿನಿಂದ ಹೊರಡುವ ಅನಿಲವನ್ನು. ಆ ಅನಿಲವೇ ರಾಕೆಟ್ಟನ್ನು ಮುಂದಕ್ಕೆ ತಳ್ಳುತ್ತದೆ. ಕ್ರಿಯೆಗೂ ಪ್ರತಿಕ್ರಿಯೆಗೂ ಬೇಕಾದ ಎರಡು ವಸ್ತುಗಳು ಅಲ್ಲಿಯೇ ಇವೆ, ಮೂರನೆಯದರ ಅಗತ್ಯವಿಲ್ಲ. ಗೊಡಾರ್ಡನು ತನ್ನ ಕೆಲಸವನ್ನು ಕೈಬಿಡಲಿಲ್ಲ. 1926ರ ಮಾರ್ಚ್ 16ರಂದು ದ್ರವ ಇಂಧನದ ಮೊದಲ ರಾಕೆಟ್ಟನ್ನು ಹಾರಿಸಿದನು. ಅದು ಮೇಲೇರಿದ್ದು ಸುಮಾರು 12 ಮೀಟರು ಮಾತ್ರ. 1945ರಲ್ಲಿ ಅವನು ತೀರಿಕೊಂಡನು. 1969ರ ಜುಲೈ 17ರಂದು, ಮೂವರು ಗಗನಯಾತ್ರಿಗಳು ಅಪೊಲೊ-11ರಲ್ಲಿ ಚಂದ್ರನತ್ತ ಸಾಗುತ್ತಿದ್ದಾಗ, ಅದೇ ಪತ್ರಿಕೆಯು ತನ್ನ ತಪ್ಪಿಗೆ ವಿಷಾದವನ್ನು ಪ್ರಕಟಿಸಿತು.

2023ರ ಆಗಸ್ಟ್ 23ರಂದು ಭಾರತದ ಚಂದ್ರಯಾನ-3ರ ‘ವಿಕ್ರಮ್’ ನೌಕೆಯು ಚಂದ್ರನ ಮೇಲೆ ಮೆಲ್ಲನೆ ಇಳಿಯಿತು. ಅಲ್ಲಿ ಗಾಳಿಯಿಲ್ಲದುದರಿಂದ ಪ್ಯಾರಾಚೂಟು ನಿಷ್ಪ್ರಯೋಜಕ. ನೌಕೆಯ ಎಂಜಿನುಗಳು ಅನಿಲವನ್ನು ಕೆಳಕ್ಕೆ ಚಿಮ್ಮಿದವು. ಅನಿಲದ ಪ್ರತಿಕ್ರಿಯೆಯು ನೌಕೆಯ ವೇಗವನ್ನು ತಗ್ಗಿಸಿತು. ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಕುಳಿತಿದ್ದ ವಿಜ್ಞಾನಿಗಳು ನೆಚ್ಚಿದ್ದುದು ದಾರದ ಮೇಲಿನ ಬಲೂನನ್ನು ಓಡಿಸುವ ನಿಯಮವನ್ನೇ.

ಪ್ರತಿಷ್ಠಿತ ಪತ್ರಿಕೆಯ ಮಾತಾಗಲಿ, ಪಠ್ಯಪುಸ್ತಕದ ವಾಕ್ಯವಾಗಲಿ, ಪ್ರಯೋಗದ ಒರೆಗಲ್ಲಿನಲ್ಲಿ ನಿಂತಾಗಲೇ ಅದು ವಿಜ್ಞಾನವೆನಿಸುತ್ತದೆ.

ಅಭ್ಯಾಸ

1. ಕ್ರಿಯೆ ಮತ್ತು ಪ್ರತಿಕ್ರಿಯೆಗಳು ಒಂದನ್ನೊಂದು ಏಕೆ ಅಳಿಸಿಹಾಕುವುದಿಲ್ಲ?
2. ಗೋಡೆಯ ಮೊಳೆಗೆ ಸಿಕ್ಕಿಸಿದ ತಕ್ಕಡಿಯಿಂದ ಏನು ತಿಳಿಯುತ್ತದೆ?
3. ಗೊಡಾರ್ಡನ ವಿಷಯದಲ್ಲಿ ಪತ್ರಿಕೆಯು ಮಾಡಿದ ತಪ್ಪೇನು? ವಿವರಿಸಿರಿ.
4. ನೆಲದ ಮೇಲೆ ನಡೆಯುವಾಗ ಕ್ರಿಯೆ ಯಾವುದು, ಪ್ರತಿಕ್ರಿಯೆ ಯಾವುದು? ಕೆಸರಿನಲ್ಲಿ ಕಾಲು ಜಾರುವುದೇಕೆ? ಯೋಚಿಸಿ ಬರೆಯಿರಿ.